ಖಾಲಿ ಪುಟಗಳ ಪುಸ್ತಕ ಮಾರಿ ನಿಜವಾಗಿಯೂ ಹಣ ಬರುತ್ತದೆಯೇ?

ನೀಲಿಶಾಯಿ
ಈಚೆಗೆ ಎಲ್ಲಿ ನೋಡಿದರೂ ಇದೇ ಮಾತು: ಒಂದಕ್ಷರವನ್ನೂ ಬರೆಯದೆ ಪುಸ್ತಕ ಪ್ರಕಟಿಸಿ, ಮಲಗಿದ್ದಾಗಲೂ ಹಣ ಬರುತ್ತದೆ. ಗೆರೆ ಹಾಕಿದ ನೋಟ್‌ಬುಕ್, ದಿನಚರಿ, ಪ್ಲಾನರ್, ಲಾಗ್‌ಬುಕ್ ಇಂಥವುಗಳ ಪಿಡಿಎಫ್ ಮಾಡಿ ಅಮೆಜಾನ್‌ನ ಕೆಡಿಪಿಗೆ (ಯಾರು ಬೇಕಾದರೂ ತಾವೇ ಪುಸ್ತಕ ಪ್ರಕಟಿಸಬಹುದಾದ ಅವರ ತಾಣ) ಏರಿಸಿದರೆ, ಯಾರಾದರೂ ಕೊಂಡಾಗ ಅವರೇ ಅಚ್ಚು ಹಾಕಿ ಕಳುಹಿಸುತ್ತಾರೆ, ನಮಗೆ ರಾಯಧನ ಬರುತ್ತದೆ. ಇದನ್ನು ಲೋ ಕಂಟೆಂಟ್ ಪುಸ್ತಕ ಎನ್ನುತ್ತಾರೆ.

ನನಗೆ ಪುಟವಿನ್ಯಾಸದ ಕೆಲಸ ಚೆನ್ನಾಗಿ ಗೊತ್ತು. ಸಂಜೆ ಹೊತ್ತು ಬಿಡುವೂ ಇದೆ. ಕೇಳಬೇಕಾದದ್ದು ಎರಡು. ಒಂದು ಪ್ರತಿ ಮಾರಾಟವಾದರೆ ಕೈಯಲ್ಲಿ ಉಳಿಯುವುದು ಎಷ್ಟು? ಈಗ ಆರಂಭಿಸಿದರೆ ತಡವಾಯಿತೇ? ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಹೇಳಿ.

ಮರಕುಟಿಗ
ತಡವಾಯಿತು. ಬೇರೆ ಕೆಲಸ ನೋಡಿಕೊಳ್ಳಿ.

ಅಚ್ಚುಮೊಳೆ
ಮರಕುಟಿಗ ಅವರೇ, ಹೊಸಬರಿಗೆ ಒಂದು ಸಾಲಿನಲ್ಲಿ ಬಾಗಿಲು ಹಾಕಬೇಡಿ. ಮೊದಲು ಲೆಕ್ಕ ಹೇಳುತ್ತೇನೆ, ತೀರ್ಮಾನ ಅವರೇ ಮಾಡಿಕೊಳ್ಳಲಿ.

ಕೆಡಿಪಿಯ ಸೂತ್ರ ಸರಳ. ನೀವಿಟ್ಟ ಬೆಲೆಯ ಒಂದು ಪಾಲು ನಿಮ್ಮದು, ಅದರಲ್ಲಿ ಮುದ್ರಣದ ಖರ್ಚು ಕಳೆಯುತ್ತಾರೆ, ಉಳಿದದ್ದು ರಾಯಧನ. ಅಮೆರಿಕದ ತಾಣದಲ್ಲಿ ಸಾಮಾನ್ಯ ಅಳತೆಯ ಕಪ್ಪು-ಬಿಳುಪು ಪೇಪರ್‌ಬ್ಯಾಕ್‌ಗೆ 108 ಪುಟದವರೆಗೆ ಮುದ್ರಣದ ಖರ್ಚು ಒಂದೇ, 2.30 ಡಾಲರ್. ಅದನ್ನು ದಾಟಿದರೆ 1 ಡಾಲರ್ ಮೂಲದರ, ಅದರ ಮೇಲೆ ಪುಟಕ್ಕೆ 1.2 ಸೆಂಟ್. ಹಾಗಾಗಿ 120 ಪುಟದ ನೋಟ್‌ಬುಕ್‌ಗೆ 2.44 ಡಾಲರ್ ಖರ್ಚು ಬೀಳುತ್ತದೆ.

ಅದಕ್ಕೆ 6.99 ಡಾಲರ್ ಬೆಲೆ ಇಟ್ಟಿರಿ ಎನ್ನೋಣ. ಶೇ 60 ಎಂದರೆ 4.19. ಮುದ್ರಣ ಕಳೆದರೆ ಉಳಿಯುವುದು 1.75 ಡಾಲರ್.

ಕರಡುಕಣ್ಣು
ಅಚ್ಚುಮೊಳೆ ಅವರೇ, ಅದು ಹಳೆಯ ಲೆಕ್ಕ. 2025ರ ಜೂನ್ 10ರಿಂದ 9.99 ಡಾಲರ್‌ಗಿಂತ ಕಡಿಮೆ ಬೆಲೆಯ ಪೇಪರ್‌ಬ್ಯಾಕ್‌ಗಳಿಗೆ ಪಾಲು ಶೇ 60ರಿಂದ ಶೇ 50ಕ್ಕೆ ಇಳಿದಿದೆ. ನೀವು ಹೇಳಿದ ಅದೇ ಪುಸ್ತಕಕ್ಕೆ 3.49 ಬಂದು, ಮುದ್ರಣ ಕಳೆದ ಮೇಲೆ ಉಳಿಯುವುದು 1.05 ಡಾಲರ್. ಈಗ ಓಡಾಡುತ್ತಿರುವ ಎಷ್ಟೋ ವೀಡಿಯೊಗಳು ಈ ಬದಲಾವಣೆಗೆ ಮೊದಲಿನವು. ಅವುಗಳನ್ನು ನಂಬಿ ಆದಾಯ ಎಣಿಸಿಕೊಂಡು ಕೂತವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ.

ಅಚ್ಚುಮೊಳೆ
ಸರಿ, ಒಪ್ಪಿದೆ. ನಿಮ್ಮ ಲೆಕ್ಕವೇ ಇಂದಿನದು. ಅದಕ್ಕೆ ನನ್ನದೊಂದು ಸೇರ್ಪಡೆ: ಈ 9.99ರ ಗಡಿಯ ಆಚೆ ಈಚೆ ಏನಾಗುತ್ತದೆ ನೋಡಿ. 9.98 ಡಾಲರ್ ಬೆಲೆಯಿಟ್ಟರೆ ನಿಮಗೆ 2.55. ಒಂದು ಸೆಂಟ್ ಏರಿಸಿ 9.99 ಮಾಡಿದರೆ 3.55. ಒಂದೇ ಸೆಂಟ್‌ಗೆ ಸುಮಾರು ಒಂದು ಡಾಲರ್ ವ್ಯತ್ಯಾಸ.

ಹಾಗಾಗಿ ಈಗಿನ ಪ್ರಶ್ನೆ, ನಿಮ್ಮ ಪುಸ್ತಕಕ್ಕೆ ಹತ್ತು ಡಾಲರ್ ಕೊಡಲು ಯಾರಿಗಾದರೂ ಕಾರಣವಿದೆಯೇ ಎಂಬುದು. ಬರೀ ಗೆರೆಯ ಪುಸ್ತಕಕ್ಕೆ ಖಂಡಿತ ಇಲ್ಲ. ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಕಾಗದದ ನೋಟ್‌ಬುಕ್ ಅದಕ್ಕಿಂತ ಕಡಿಮೆಗೆ ಸಿಗುತ್ತದೆ.

ಮರಕುಟಿಗ
ಅದನ್ನೇ ನಾನು ಒಂದು ಪದದಲ್ಲಿ ಹೇಳಿದ್ದು. ಆದರೂ ವಿವರ ಕೇಳಿದ್ದೀರಿ, ಹೇಳುತ್ತೇನೆ.

ನನ್ನ ತಕರಾರು ಹಣದ್ದಷ್ಟೇ ಅಲ್ಲ. ಯಾವುದೇ ವಿಷಯ ಹುಡುಕಿದರೂ ಮುಖಪುಟ ಬದಲಿಸಿ ಒಳಗೆ ಅದೇ ಗೆರೆ ತುಂಬಿದ ಪುಸ್ತಕಗಳ ರಾಶಿ ಎದುರಾಗುತ್ತದೆ. ನಾಯಿ ಸಾಕುವವರಿಗೆ ನೋಟ್‌ಬುಕ್, ಬೆಕ್ಕು ಸಾಕುವವರಿಗೆ ನೋಟ್‌ಬುಕ್, ದಾದಿಯರಿಗೆ, ಲಾರಿ ಚಾಲಕರಿಗೆ, ಶಿಕ್ಷಕರಿಗೆ. ಒಳಪುಟ ಮಾತ್ರ ಎಲ್ಲರಿಗೂ ಒಂದೇ. ಕೊಳ್ಳುವವನ ಕೆಲಸದ ಬಗ್ಗೆ ಒಂದು ನಿಮಿಷವೂ ಯೋಚಿಸದೆ ಅವನ ಹೆಸರನ್ನು ಮುಖಪುಟಕ್ಕೆ ಅಂಟಿಸುವುದು ಮೋಸವಲ್ಲದಿದ್ದರೂ ಮೋಸದ ನೆರೆಮನೆ. ಇದಕ್ಕೆ ಕಾಗದ ಬೇರೆ ಹಾಳು.

ದಿನಚರಿ
ಕಾಗದದ ಮಾತಿನಲ್ಲಿ ನಿಮ್ಮನ್ನು ಒಪ್ಪುವುದಿಲ್ಲ. ಇದು ಬೇಡಿಕೆ ಬಂದಾಗ ಮುದ್ರಿಸುವ ಪದ್ಧತಿ. ಯಾರೂ ಕೊಳ್ಳದ ಪುಸ್ತಕ ಒಂದು ಹಾಳೆಯನ್ನೂ ತಿನ್ನುವುದಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿಸಿ ಗೋದಾಮಿನಲ್ಲಿ ಗೆದ್ದಲಿಗೆ ಬಿಡುವುದು ಹಳೆಯ ಪದ್ಧತಿ.

ಒಂದೇ ಒಳಪುಟದ ವಿಷಯದಲ್ಲಿ ಮಾತ್ರ ನೂರಕ್ಕೆ ನೂರು ನಿಮ್ಮ ಕಡೆ.

ಲೆಕ್ಕಿಗ
ಜಾಹೀರಾತಿನ ಲೆಕ್ಕವನ್ನು ಯಾರೂ ಎತ್ತಿಲ್ಲ. ಹೊಸ ಪುಸ್ತಕ ಹುಡುಕಾಟದಲ್ಲಿ ಮೇಲೆ ಬರುವುದಿಲ್ಲ, ಆದ್ದರಿಂದ ಜಾಹೀರಾತು ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಹಣ ಹೋಗುವುದು ಕ್ಲಿಕ್ಕಿಗೆ, ಮಾರಾಟಕ್ಕಲ್ಲ. ಒಂದು ಕ್ಲಿಕ್ಕಿಗೆ 40 ಸೆಂಟ್, ಹತ್ತು ಜನ ಒತ್ತಿದರೆ ಒಬ್ಬರು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಮಾರಾಟಕ್ಕೆ 4 ಡಾಲರ್ ಖರ್ಚು. ನಿಮ್ಮ ರಾಯಧನ 1.05. ಮೂಗಿಗಿಂತ ಮೂಗುತಿ ಭಾರ.

3.55 ಬರುವ ಪುಸ್ತಕಕ್ಕೂ ಈ ದರದಲ್ಲಿ ನಷ್ಟವೇ. ಹತ್ತರಲ್ಲಿ ಒಬ್ಬರ ಬದಲು ಐವರಲ್ಲಿ ಒಬ್ಬರು ಕೊಂಡರೆ ಮಾತ್ರ ಖರ್ಚು 2 ಡಾಲರ್‌ಗೆ ಇಳಿದು ಒಂದಿಷ್ಟು ಉಳಿಯುತ್ತದೆ. ಅಂದರೆ ಪುಟ ತೆರೆದವನು "ಇದು ನನಗಾಗಿಯೇ ಮಾಡಿದ್ದು" ಎಂದುಕೊಳ್ಳಬೇಕು.

ನೀಲಿಶಾಯಿ
ಇಷ್ಟು ಬೇಗ ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಾಗಾದರೆ "ನೂರಾರು ಪುಸ್ತಕ ಏರಿಸುತ್ತಾ ಹೋಗಿ, ಯಾವುದೋ ಒಂದು ಓಡುತ್ತದೆ" ಎಂಬ ಸಲಹೆ?

ಕರಡುಕಣ್ಣು
ಅದಕ್ಕೆ ಕೆಡಿಪಿಯೇ ಕಡಿವಾಣ ಹಾಕಿದೆ. 2023ರ ಸೆಪ್ಟೆಂಬರ್‌ನಲ್ಲಿ ಒಂದು ಖಾತೆಯಿಂದ ದಿನಕ್ಕೆ ಹೊಸದಾಗಿ ಏರಿಸಬಹುದಾದ ಪುಸ್ತಕಗಳನ್ನು ಮೂರಕ್ಕೆ ಮಿತಿಗೊಳಿಸಿದರು. ಅದೇ ತಿಂಗಳಲ್ಲಿ, ಪಠ್ಯ ಅಥವಾ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ್ದರೆ ಏರಿಸುವಾಗ ತಿಳಿಸಬೇಕು ಎಂಬ ಪ್ರಶ್ನೆಯೂ ಸೇರಿತು. ನೀವೇ ಮಾಡಿದ್ದನ್ನು ತಿದ್ದಲು ಮಾತ್ರ ಅದರ ನೆರವು ಪಡೆದಿದ್ದರೆ ತಿಳಿಸುವ ಅಗತ್ಯವಿಲ್ಲ.

ಇನ್ನೊಂದು ವಿಷಯ. ಒಬ್ಬರಿಗೆ ಒಂದೇ ಖಾತೆ. ಮಿತಿ ತಪ್ಪಿಸಲು ಮನೆಯವರ ಹೆಸರಿನಲ್ಲಿ ಎರಡನೆಯದು ತೆರೆದು ನಡೆಸಿ ಎಂದು ಹೇಳಿಕೊಡುವವರಿದ್ದಾರೆ. ಅವರ ಮಾತು ಕೇಳಿದರೆ ಎರಡೂ ಹೋಗುವ ಅಪಾಯವಿದೆ.

ಹೊಸಗಾಳಿ
ನಾನು ಒಂದು ಆನ್‌ಲೈನ್ ತರಬೇತಿಗೆ ಸಾಕಷ್ಟು ಹಣ ಕಟ್ಟಿದೆ. ಹೆಸರು ಹೇಳುವುದಿಲ್ಲ. ಅಲ್ಲಿ ಕೊಟ್ಟದ್ದು ಸಿದ್ಧ ಒಳಪುಟಗಳ ಒಂದು ಕಟ್ಟು ಮತ್ತು "ಇವನ್ನೇ ಏರಿಸಿ" ಎಂಬ ಸೂಚನೆ. ಅದೇ ಕಟ್ಟನ್ನು ತರಗತಿಯ ಎಲ್ಲರಿಗೂ ಕೊಟ್ಟಿದ್ದರು. ಎಲ್ಲರೂ ಒಂದೇ ಪುಸ್ತಕವನ್ನು ಮಾರಲು ಹೊರಟರೆ ಕೊಳ್ಳುವವರು ಎಲ್ಲಿಂದ ಬರಬೇಕು? ಹಣ ವಾಪಸ್ ಕೇಳಿದರೆ ಉತ್ತರವೇ ಇಲ್ಲ.

ಲೆಕ್ಕಿಗ
ಈ ವ್ಯಾಪಾರದಲ್ಲಿ ಖಚಿತ ಲಾಭ ಮಾಡುವವರು ಕಲಿಸುವವರೇ. ಒಳ್ಳೆಯ ಶಿಕ್ಷಕರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಂದ ಹಣದ ಚಿತ್ರ ತೋರಿಸಿ ಜಾಹೀರಾತಿನ ಖರ್ಚನ್ನು ಮುಚ್ಚಿಡುವವರ ಹತ್ತಿರ ಹೋಗಬೇಡಿ. ರಾಯಧನದ ಪಟ್ಟಿ ಒಂದು ಕಡೆ, ಜಾಹೀರಾತಿನ ಬಿಲ್ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿ ಎಂದು ಕೇಳಿ ನೋಡಿ.

ಜೇನುಗೂಡು
ಈಗ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿರಲಿ. ಯಾಕೆಂದರೆ ನನ್ನ ಒಂದು ಪುಸ್ತಕ ಜಾಹೀರಾತಿಲ್ಲದೆ ನಿಧಾನವಾಗಿ, ಬಿಡದೆ ಮಾರಾಟವಾಗುತ್ತಿದೆ. ದೊಡ್ಡ ಮೊತ್ತವಲ್ಲ. ಆದರೆ ಪ್ರತಿ ತಿಂಗಳೂ ಬರುತ್ತದೆ.

ನಾನು ಜೇನು ಸಾಕುತ್ತೇನೆ. ಪೆಟ್ಟಿಗೆ ತೆರೆದಾಗ ಬರೆದಿಡಬೇಕಾದ್ದು ಬಹಳ: ರಾಣಿ ಕಣ್ಣಿಗೆ ಬಿದ್ದಿತೇ, ಮೊಟ್ಟೆ ಇದೆಯೇ, ಮರಿಗಳಿರುವ ಚೌಕಟ್ಟು ಎಷ್ಟು, ತುಪ್ಪದ ಚೌಕಟ್ಟು ಎಷ್ಟು, ಹೊಸ ರಾಣಿಕೋಶ ಕಟ್ಟಿವೆಯೇ, ವರೋವಾ ನುಸಿ ಎಣಿಕೆ, ಹುಳುಗಳ ಸ್ವಭಾವ ಶಾಂತವೋ ಸಿಡುಕೋ. ಮಾರುಕಟ್ಟೆಯಲ್ಲಿ ಜೇನು ಲಾಗ್‌ಬುಕ್‌ಗಳು ಬೇಕಾದಷ್ಟಿದ್ದವು. ತೆರೆದು ನೋಡಿದರೆ ದಿನಾಂಕಕ್ಕೊಂದು ಜಾಗ, ಕೆಳಗೆ ಬರೀ ಗೆರೆ. ಕೈಗವಸು ಹಾಕಿಕೊಂಡು, ಹೊಗೆ ತಿದಿ ಹಿಡಿದು ನಿಂತವನು ಪ್ರಬಂಧ ಬರೆಯುವುದು ಹೇಗೆ? ಅವನಿಗೆ ಬೇಕಾದದ್ದು ಟಿಕ್ ಹಾಕುವ ದೊಡ್ಡ ಚೌಕಗಳು.

ರಾಣಿಯ ಬೆನ್ನಿಗೆ ಬಣ್ಣದ ಚುಕ್ಕೆ ಇಡುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ರಾಣಿ ಹುಟ್ಟಿದ ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7ಕ್ಕೆ ಹಳದಿ, 3 ಅಥವಾ 8ಕ್ಕೆ ಕೆಂಪು, 4 ಅಥವಾ 9ಕ್ಕೆ ಹಸಿರು, 5 ಅಥವಾ 0ಗೆ ನೀಲಿ. ಚುಕ್ಕೆ ನೋಡಿದರೆ ರಾಣಿಯ ವಯಸ್ಸು ತಿಳಿಯುತ್ತದೆ. ಈ ಪಟ್ಟಿಯನ್ನು ಮೊದಲ ಪುಟದಲ್ಲೇ ಕೊಟ್ಟೆ. ಪ್ರತಿ ಪೆಟ್ಟಿಗೆಗೆ ಪ್ರತ್ಯೇಕ ಭಾಗ ಮಾಡಿ, ಹಿಂದಿನ ಭೇಟಿಯ ಸಾಲಿನ ಕೆಳಗೇ ಈ ಭೇಟಿಯ ಸಾಲು ಬರುವಂತೆ ಜೋಡಿಸಿದೆ. ಹೋದ ಸಲ ಎಂಟು ಚೌಕಟ್ಟಿನಲ್ಲಿದ್ದ ಮರಿ ಈ ಸಲ ಮೂರಕ್ಕೆ ಇಳಿದಿದ್ದರೆ ಒಂದೇ ನೋಟಕ್ಕೆ ಕಾಣುತ್ತದೆ. ಪುಸ್ತಕಕ್ಕೆ ಬಂದ ಒಳ್ಳೆಯ ಮಾತುಗಳೆಲ್ಲ ಈ ಜೋಡಣೆಯ ಬಗ್ಗೆಯೇ. ಮುಖಪುಟವನ್ನು ಯಾರೂ ಹೊಗಳಿಲ್ಲ.

ದಿನಚರಿ
ಜೇನುಗೂಡು ಅವರ ಮಾತನ್ನು ನೀಲಿಶಾಯಿ ಅವರು ಗೋಡೆಗೆ ಅಂಟಿಸಿಕೊಳ್ಳಬೇಕು. ಚುಕ್ಕೆಯ ಬಣ್ಣದ ವಿಷಯ ನನಗೆ ಹೊಸದು, ಈಗ ಜೇನು ಸಾಕದೆಯೇ ಆ ಪುಸ್ತಕ ನೋಡುವ ಆಸೆಯಾಗುತ್ತಿದೆ.

ಮರಕುಟಿಗ
ಇಂಥ ಪುಸ್ತಕಕ್ಕೆ ನನ್ನ ತಕರಾರಿಲ್ಲ. ಇದನ್ನು ಲೋ ಕಂಟೆಂಟ್ ಎಂದು ಕರೆಯಲೇಬಾರದು, ಇದರಲ್ಲಿರುವ ತಿಳಿವಳಿಕೆ ಕಡಿಮೆಯೇ?

ಕರಡುಕಣ್ಣು
ಕರೆಯಬೇಕಾಗುತ್ತದೆ, ಕೆಡಿಪಿಯ ಅರ್ಜಿಯಲ್ಲಿ ಅದಕ್ಕೊಂದು ಚೌಕ ಇದೆ. ಬಳಸುವವರೇ ತುಂಬುವ, ಪುಟದಿಂದ ಪುಟಕ್ಕೆ ಮರುಕಳಿಸುವ ಒಳಪುಟವಿದ್ದರೆ ಅಲ್ಲಿ ಟಿಕ್ ಹಾಕಬೇಕು. ಹಾಕಿದರೆ ಅವರ ಉಚಿತ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಸಿಗುವುದಿಲ್ಲ. ಐಎಸ್‌ಬಿಎನ್ ಇಲ್ಲದೆಯೇ ಪ್ರಕಟಿಸಬಹುದು, ಅಥವಾ ಸ್ವಂತದ್ದನ್ನು ಪಡೆದು ಕೊಡಬಹುದು. ಐಎಸ್‌ಬಿಎನ್ ಇಲ್ಲದ ಪುಸ್ತಕ ಬೇರೆ ಅಂಗಡಿ, ಗ್ರಂಥಾಲಯಗಳಿಗೆ ಹೋಗುವ ವಿಸ್ತೃತ ವಿತರಣೆಗೆ ಸೇರುವುದಿಲ್ಲ.

ಪದಬಂಧ, ಸುಡೊಕು, ಬಣ್ಣ ತುಂಬುವ ಪುಸ್ತಕಗಳು ಬೇರೆ. ಪ್ರತಿ ಪುಟದಲ್ಲಿ ಬೇರೆ ಬೇರೆ ವಿಷಯ ಇರುವುದರಿಂದ ಅವನ್ನು ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸುವುದಿಲ್ಲ.

ಪದಜಾಲ
ಒಗಟಿನ ಪುಸ್ತಕದ ಮಾತು ಬಂತು, ಸುಮ್ಮನಿರಲಾರೆ.

ಖಾಲಿ ಚೌಕಗಳ ಪುಸ್ತಕ ಮಾರುವುದನ್ನು ಹಗುರವಾಗಿ ನೋಡುವವರಿಗೆ ಒಂದು ಚರಿತ್ರೆ. ಇಂದು ಜಗತ್ತಿನ ದೊಡ್ಡ ಪ್ರಕಾಶನಗಳಲ್ಲಿ ಒಂದಾದ ಸೈಮನ್ ಅಂಡ್ ಶುಸ್ಟರ್ 1924ರಲ್ಲಿ ಆರಂಭವಾದಾಗ ಅವರ ಮೊದಲ ಪುಸ್ತಕವೇ ಪದಬಂಧಗಳ ಸಂಕಲನ. ಜೊತೆಗೆ ಒಂದು ಪೆನ್ಸಿಲ್ ಕೂಡ ಕಟ್ಟಿ ಕೊಟ್ಟಿದ್ದರು! ಪದಬಂಧ ಪತ್ರಿಕೆಯಲ್ಲಿ ಮೊದಲು ಬಂದದ್ದು 1913ರಲ್ಲಿ, ನ್ಯೂಯಾರ್ಕ್ ವರ್ಲ್ಡ್‌ನಲ್ಲಿ. ಹನ್ನೊಂದು ವರ್ಷ ಯಾರಿಗೂ ಅದನ್ನು ಪುಸ್ತಕ ಮಾಡಬೇಕೆಂದು ಹೊಳೆದಿರಲಿಲ್ಲ.

ಹೊಸಗಾಳಿ
ಪೆನ್ಸಿಲ್ ಕಟ್ಟಿಕೊಟ್ಟದ್ದು ಬಹಳ ಚೆನ್ನಾಗಿದೆ. ಸುಡೊಕು ಜಪಾನಿನದಲ್ಲವೇ?

ಪದಜಾಲ
ಹೆಸರು ಜಪಾನಿನದು, ಹುಟ್ಟು ಅಮೆರಿಕದ್ದು. 1979ರಲ್ಲಿ ಡೆಲ್ ಪ್ರಕಾಶನ ಸಂಸ್ಥೆಯ ಒಗಟಿನ ಪತ್ರಿಕೆಯಲ್ಲಿ "ನಂಬರ್ ಪ್ಲೇಸ್" ಎಂಬ ಹೆಸರಿನಲ್ಲಿ ಬಂತು. ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ಅದರ ಕರ್ತೃ ಎನ್ನುತ್ತಾರೆ. 1984ರಲ್ಲಿ ಜಪಾನಿನ ಒಗಟಿನ ಪ್ರಕಾಶನ ಸಂಸ್ಥೆ ನಿಕೋಲಿ ಅದನ್ನು ತನ್ನ ಓದುಗರಿಗೆ ಪರಿಚಯಿಸಿತು. 2004ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಪ್ರಕಟಿಸಲು ಆರಂಭಿಸಿದ ಮೇಲೆ ಜಗತ್ತೆಲ್ಲ ಹಬ್ಬಿತು.

ಈಗ ನೀಲಿಶಾಯಿ ಅವರಿಗೆ ಕೆಲಸಕ್ಕೆ ಬರುವ ಮಾತು. ಸುಡೊಕುಗೆ ಒಂದೇ ಉತ್ತರ ಇರಬೇಕು. 17ಕ್ಕಿಂತ ಕಡಿಮೆ ಅಂಕಿ ಕೊಟ್ಟರೆ ಒಂದೇ ಉತ್ತರದ ಸುಡೊಕು ಮಾಡಲು ಸಾಧ್ಯವೇ ಇಲ್ಲ ಎಂಬುದನ್ನು 2012ರಲ್ಲಿ ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಅವರ ತಂಡ ಕಂಪ್ಯೂಟರ್ ಬಳಸಿ ತೋರಿಸಿಕೊಟ್ಟಿತು. ಇಷ್ಟಿದ್ದರೂ ಎರಡು ಮೂರು ಉತ್ತರ ಬರುವ ಒಗಟುಗಳನ್ನು, ಕೊನೆಯ ಪುಟಗಳಲ್ಲಿ ಕೊಟ್ಟ ಉತ್ತರ ತಾಳೆಯಾಗದ ಪುಸ್ತಕಗಳನ್ನು ಜನ ಏರಿಸುತ್ತಾರೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡವರು ಕೊನೆಗೆ ಒಗಟೇ ತಪ್ಪು ಎಂದು ಕಂಡಾಗ ಸುಮ್ಮನಿರುತ್ತಾರೆಯೇ? ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ನಾನು ಪ್ರತಿ ಒಗಟನ್ನೂ ಬೇರೊಂದು ತಂತ್ರಾಂಶದಲ್ಲಿ ಬಿಡಿಸಿ ನೋಡಿದ ಮೇಲೆಯೇ ಸೇರಿಸುತ್ತೇನೆ. ಪದ ಹುಡುಕುವ ಆಟಗಳಲ್ಲಿ ಇನ್ನೊಂದು ಕಾಟ: ಖಾಲಿ ಜಾಗಕ್ಕೆ ತಂತ್ರಾಂಶ ಮನಬಂದಂತೆ ಅಕ್ಷರ ತುಂಬುವಾಗ ಕೆಟ್ಟ ಪದಗಳು ತಾವಾಗಿಯೇ ಮೂಡುತ್ತವೆ. ಮಕ್ಕಳ ಪುಸ್ತಕವಾದರೆ ಪ್ರತಿ ಚೌಕವನ್ನೂ ಕಣ್ಣಿಟ್ಟು ನೋಡಲೇಬೇಕು.

ಹೆಣಿಗೆಕಡ್ಡಿ
ಸುಡೊಕು ಬಿಡಿ, ನಾನು ಹೆಣಿಗೆಯವಳು. ಹೆಣಿಗೆ ವಿನ್ಯಾಸ ಬಿಡಿಸಲು ಚೌಕದ ಪುಸ್ತಕ ತರಿಸಿದೆ. ಒಳಗೆ ಗಣಿತದ ಚೌಕಗಳು! ಹೆಣಿಗೆಯ ಒಂದೊಂದು ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚು. ಸಮಚೌಕದಲ್ಲಿ ದುಂಡಗೆ ಬಿಡಿಸಿದ ಹೂವು ಸ್ವೆಟರ್‌ನಲ್ಲಿ ಚಪ್ಪಟೆಯಾಗುತ್ತದೆ. ಮುಖಪುಟದಲ್ಲಿ ನೂಲಿನ ಉಂಡೆ, ಕಡ್ಡಿ ಎಲ್ಲ ಇತ್ತು. ಮಾಡಿದವರು ಒಂದು ಕುಣಿಕೆಯನ್ನೂ ಹಾಕಿದವರಲ್ಲ ಎಂದು ಮೊದಲ ಪುಟದಲ್ಲೇ ಗೊತ್ತಾಯಿತು. ಬಹಳ ಸಿಟ್ಟು ಬಂತು, ಈಗಲೂ ಇದೆ.

ಬಿಳಿಕೋಟು
ಹೆಣಿಗೆಕಡ್ಡಿ ಅವರ ಸಿಟ್ಟು ನನ್ನದೂ ಹೌದು. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ರಕ್ತದೊತ್ತಡ ಬರೆದಿಡುವ ಪುಸ್ತಕಗಳನ್ನು ರೋಗಿಗಳು ತಂದು ತೋರಿಸುತ್ತಾರೆ. ಕೆಲವದರಲ್ಲಿ "ಬಿಪಿ" ಎಂದು ಒಂದೇ ಅಂಕಣ. ಮೇಲಿನದು, ಕೆಳಗಿನದು, ನಾಡಿ ಬಡಿತ ಮೂರೂ ಬೇರೆ ಬೇರೆ ಬೇಕು. ಬೆಳಿಗ್ಗೆ, ಸಂಜೆ ಬೇರೆ. ಎಡಗೈಯೋ ಬಲಗೈಯೋ ಎಂಬುದು ಬೇಕು. ಮಾತ್ರೆ ನುಂಗುವ ಮೊದಲೋ ನಂತರವೋ ಎಂಬುದೂ ಬೇಕು. ಬಳಸುವವರಲ್ಲಿ ವಯಸ್ಸಾದವರೇ ಹೆಚ್ಚು, ಅಕ್ಷರ ಮಾತ್ರ ಇರುವೆ ಗಾತ್ರ.

ಅಚ್ಚುಮೊಳೆ
ಬಿಳಿಕೋಟು ಅವರೇ, ಅಕ್ಷರದ ಗಾತ್ರಕ್ಕೆ ಕೆಡಿಪಿಯಲ್ಲೇ ಒಂದು ಅವಕಾಶವಿದೆ. ಅಕ್ಷರಗಳು 16 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ದೊಡ್ಡಕ್ಷರದ ಪುಸ್ತಕ ಎಂದು ಗುರುತಿಸಬಹುದು. ಹುಡುಕುವವರು ಅದನ್ನೇ ಹುಡುಕುತ್ತಾರೆ. ಆದರೆ ಶೀರ್ಷಿಕೆಯನ್ನು ಮಾತ್ರ 16 ಮಾಡಿ ಅಂಕಣದ ಹೆಸರುಗಳನ್ನು 8ರಲ್ಲಿಟ್ಟು "ದೊಡ್ಡಕ್ಷರ" ಎನ್ನುವುದು ಸರಿಯಲ್ಲ. ಬರೆಯುವ ಜಾಗವೂ ಅದಕ್ಕೆ ತಕ್ಕಂತೆ ಎತ್ತರವಿರಬೇಕು, ನಡುಗುವ ಕೈಗೆ 6 ಮಿಲಿಮೀಟರ್ ಗೆರೆಯಲ್ಲಿ ಬರೆಯಲಾಗುವುದಿಲ್ಲ.

ನೀಲಿಶಾಯಿ
ಓದುತ್ತಾ ಹೋದಂತೆ ನನ್ನ ಪ್ರಶ್ನೆಯೇ ಬದಲಾಗುತ್ತಿದೆ. ನಮ್ಮ ಅಕ್ಕ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಗಿರಾಕಿಗಳ ಅಳತೆಯನ್ನು ಒಂದು ಹಳೆಯ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಎದೆ, ಸೊಂಟ, ಭುಜ, ತೋಳಿನ ಉದ್ದ ಎಲ್ಲ ಒಂದರ ಪಕ್ಕ ಒಂದು. ಬಟ್ಟೆಯ ಚೂರನ್ನು ಅದೇ ಪುಟಕ್ಕೆ ಪಿನ್ ಮಾಡುತ್ತಾರೆ. ಅಂಥವರಿಗೆ ಒಂದು ಅಳತೆ ಪುಸ್ತಕ ಮಾಡಿದರೆ ಹೇಗೆ?

ಜೇನುಗೂಡು
ಇದು ಮಾತು! ಮೊದಲು ಅಕ್ಕನ ಪಕ್ಕದಲ್ಲಿ ಕುಳಿತು, ಅವರು ಯಾವ ಕ್ರಮದಲ್ಲಿ ಅಳೆಯುತ್ತಾರೆ ನೋಡಿ. ಅಂಕಣಗಳು ಅದೇ ಕ್ರಮದಲ್ಲಿರಲಿ. ಪುಸ್ತಕಕ್ಕೆ ಹೊಂದಿಕೊಳ್ಳಲು ಅವರು ಕೈ ಬದಲಿಸುವಂತಾಗಬಾರದು.

ಹೆಣಿಗೆಕಡ್ಡಿ
ಮುಂಭಾಗ ಹಿಂಭಾಗದ ದೇಹದ ರೇಖಾಚಿತ್ರ ಬೇಕೇ ಬೇಕು. ಕತ್ತಿನ ಆಕಾರವನ್ನು ಮಾತಿನಲ್ಲಿ ಬರೆಯುವುದಕ್ಕಿಂತ ಚಿತ್ರದ ಮೇಲೆ ಗೆರೆ ಎಳೆಯುವುದು ಸುಲಭ. ಬಟ್ಟೆಯ ಚೂರಿಗೆ ಒಂದು ಖಾಲಿ ಚೌಕ. ಅಂಗುಲವೋ ಸೆಂಟಿಮೀಟರೋ ಎಂದು ಗುರುತು ಹಾಕುವ ಜಾಗ. ಕೊಟ್ಟ ಮುಂಗಡ, ಉಳಿದ ಬಾಕಿ, ಕೊಡಬೇಕಾದ ದಿನ. ಅದೇ ಗಿರಾಕಿ ಮತ್ತೆ ಬಂದಾಗ ಬದಲಾದ ಅಳತೆ ಬರೆಯಲು ಎರಡನೆಯ ಅಂಕಣ.

ದಿನಚರಿ
ಮತ್ತು ಎರಡು ಮೂರು ಹೆಸರಿಲ್ಲದ ಸಾಲುಗಳು. ಎಷ್ಟೇ ಯೋಚಿಸಿ ಮಾಡಿದರೂ ಬಳಸುವವರಿಗೆ ನಮ್ಮ ಪಟ್ಟಿಯಲ್ಲಿಲ್ಲದ್ದೊಂದು ಬೇಕಾಗುತ್ತದೆ.

ಮರಕುಟಿಗ
ಒಂದು ತೊಡಕು ಹೇಳಲೇ? ಹೊಲಿಗೆಯವರ ಒಂದು ಕೈಯಲ್ಲಿ ಅಳತೆಪಟ್ಟಿ, ಇನ್ನೊಂದರಲ್ಲಿ ಪೆನ್ಸಿಲ್. ಪುಸ್ತಕ ತಾನಾಗಿ ತೆರೆದುಕೊಂಡಿರಬೇಕು. ಕೆಡಿಪಿಯ ಪೇಪರ್‌ಬ್ಯಾಕ್ ಅಂಟು ಹಾಕಿದ್ದು, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಬಟ್ಟೆಯ ಚೂರುಗಳನ್ನು ಪಿನ್ ಮಾಡಿದರೆ ಬೆನ್ನು ಬಿರಿಯುತ್ತದೆ.

ಅಚ್ಚುಮೊಳೆ
ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಕೆಡಿಪಿಯಲ್ಲಿ ಸುರುಳಿ ಕಟ್ಟು ಇಲ್ಲ. ಲುಲು ಎಂಬ ಮುದ್ರಣ ತಾಣದಲ್ಲಿ ಇದೆ. 2002ರಿಂದ ನಡೆಯುತ್ತಿರುವ ಸಂಸ್ಥೆ ಅದು, ಬೇಡಿಕೆ ಬಂದಾಗಲೇ ಮುದ್ರಿಸುತ್ತದೆ. ಆದರೆ ಅಲ್ಲಿ ಗಿರಾಕಿಗಳನ್ನು ಹೆಚ್ಚಾಗಿ ನೀವೇ ಕರೆತರಬೇಕು. ಅಮೆಜಾನ್‌ನಲ್ಲಿ ಹುಡುಕುವವರು ಮೊದಲೇ ನೆರೆದಿದ್ದಾರೆ, ಅದೇ ಅದರ ಬಲ.

ಮೂರನೆಯ ದಾರಿಯೂ ಇದೆ: ಎಟ್ಸಿಯಂಥ ತಾಣದಲ್ಲಿ ಪಿಡಿಎಫ್ ಅನ್ನೇ ಮಾರುವುದು. ಕೊಂಡವರು ತಮಗೆ ಬೇಕಾದ ಹಾಳೆಯಲ್ಲಿ ಮುದ್ರಿಸಿ ಫೈಲಿಗೆ ಹಾಕಿಕೊಳ್ಳುತ್ತಾರೆ. ಮುದ್ರಣದ ಖರ್ಚೇ ಇಲ್ಲ. ಹೊಲಿಗೆಯವರಿಗೆ ಇದು ಒಪ್ಪುತ್ತದೆ, ಪುಟ ಸೇರಿಸಬಹುದು, ತೆಗೆಯಬಹುದು.

ಹೊಸಗಾಳಿ
ಪಿಡಿಎಫ್ ಮಾರಿದರೆ ಕದಿಯುವುದಿಲ್ಲವೇ?

ಅಚ್ಚುಮೊಳೆ
ಕದಿಯುವವರು ಪುಸ್ತಕ ಕೊಂಡು ನೋಡಿಯೂ ಕದಿಯುತ್ತಾರೆ. ಅಂಕಣಗಳನ್ನು ನಕಲು ಮಾಡುವುದು ಒಂದು ಸಂಜೆಯ ಕೆಲಸ. ಈ ವ್ಯವಹಾರದಲ್ಲಿ ಅದನ್ನು ತಡೆಯುವ ಬೇಲಿ ಇಲ್ಲ.

ಕರಡುಕಣ್ಣು
ಕದಿಯುವ ಮಾತು ಬಂದದ್ದರಿಂದ, ನಮ್ಮ ಕಡೆಯಿಂದ ಆಗಬಾರದ್ದನ್ನೂ ಹೇಳಿಬಿಡುತ್ತೇನೆ. ಮುಖಪುಟಕ್ಕೆ ಹಾಕುವ ಸಣ್ಣ ಸಣ್ಣ ಹಾಸ್ಯದ ಸಾಲುಗಳು ಟ್ರೇಡ್‌ಮಾರ್ಕ್ ಆಗಿರಬಹುದು. ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ತಾಣದಲ್ಲಿ ಉಚಿತವಾಗಿ ಹುಡುಕಬಹುದು, ಹುಡುಕಿಯೇ ಹಾಕಿ. ಆಟದ ತಂಡ, ಸಿನಿಮಾ ಪಾತ್ರ, ಖ್ಯಾತರ ಹೆಸರು ಇವುಗಳ ಹತ್ತಿರ ಹೋಗಬೇಡಿ. ಅಕ್ಷರವಿನ್ಯಾಸಗಳಿಗೂ ಪರವಾನಗಿ ಇದೆ: ಉಚಿತ ಎಂದು ಇಳಿಸಿಕೊಂಡ ಫಾಂಟ್ ಸ್ವಂತ ಬಳಕೆಗೆ ಮಾತ್ರ ಉಚಿತವಾಗಿದ್ದರೆ, ಮಾರುವ ಪುಸ್ತಕಕ್ಕೆ ಬಳಸುವಂತಿಲ್ಲ. ಸಿದ್ಧ ಟೆಂಪ್ಲೇಟುಗಳನ್ನು ಹಾಗೆಯೇ ಮಾರುವುದೂ ಸಲ್ಲದು.

ಪದಜಾಲ
ಬಣ್ಣ ತುಂಬುವ ಪುಸ್ತಕ ಮಾಡುವವರಿಗೂ ಒಂದು ಮಾತು. ಚಿತ್ರದ ಹಿಂಬದಿ ಖಾಲಿ ಬಿಡಿ. ಸ್ಕೆಚ್ ಪೆನ್ನಿನ ಶಾಯಿ ಆಚೆ ಬದಿಗೆ ಇಳಿದು ಮುಂದಿನ ಚಿತ್ರವನ್ನು ಹಾಳುಮಾಡುತ್ತದೆ. 2015ರ ಸುಮಾರಿಗೆ ದೊಡ್ಡವರೂ ಬಣ್ಣ ತುಂಬುವ ಅಲೆ ಎದ್ದಾಗಿನಿಂದ ಓದುಗರ ದೂರುಗಳಲ್ಲಿ ಇದು ತಪ್ಪದೆ ಬರುತ್ತದೆ.

ಲೆಕ್ಕಿಗ
ನೀಲಿಶಾಯಿ ಅವರು ಪೇಪರ್‌ಬ್ಯಾಕ್ ಮಾಡುವುದೇ ಆದರೆ ತೆರಿಗೆಯ ಅರ್ಜಿಯನ್ನು ಅಸಡ್ಡೆ ಮಾಡಬೇಡಿ. ಅಮೆರಿಕದ ಹೊರಗಿನವರಿಗೆ, ಅಲ್ಲಿ ಬಂದ ರಾಯಧನದಲ್ಲಿ ಶೇ 30ರಷ್ಟು ಮೂಲದಲ್ಲೇ ಮುರಿದುಕೊಳ್ಳುವುದು ರೂಢಿಯ ನಿಯಮ. ನಿಮ್ಮ ದೇಶದೊಂದಿಗೆ ತೆರಿಗೆ ಒಪ್ಪಂದವಿದ್ದರೆ ಕಡಿಮೆಯಾಗುತ್ತದೆ, ಆದರೆ ಖಾತೆ ತೆರೆಯುವಾಗ ತೆರಿಗೆ ಸಂಖ್ಯೆ ಕೊಟ್ಟು ಅದನ್ನು ಕೇಳಿ ಪಡೆಯಬೇಕು. ತಾನಾಗಿ ಬರುವುದಿಲ್ಲ.

ಹಣ ಬರುವುದೂ ನಿಧಾನ. ಜನವರಿಯ ಮಾರಾಟದ ಹಣ ಮಾರ್ಚ್ ಕೊನೆಗೆ. ಜಾಹೀರಾತಿನ ಹಣ ಮಾತ್ರ ತಕ್ಷಣ ಹೋಗುತ್ತದೆ.

ನೀಲಿಶಾಯಿ
ಅಕ್ಕನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಪುಟ ಗಟ್ಟಿಯಿರುತ್ತದೆಯೇ, ಪಿನ್ ಚುಚ್ಚಿದರೆ ಹರಿಯುತ್ತದೆಯೇ?" ಎರಡನೆಯದು: "ಹೆಸರು ಹುಡುಕುವುದು ಹೇಗೆ?" ಈಗಿನ ನೋಟ್‌ಬುಕ್‌ನಲ್ಲಿ ಒಬ್ಬರ ಅಳತೆ ಹುಡುಕಲು ಪುಟ ಪುಟ ತಿರುವುತ್ತಾರಂತೆ. ಆದ್ದರಿಂದ ಮೊದಲಿಗೆ ಹೆಸರಿನ ಸೂಚಿ, ಪುಟಗಳಿಗೆ ಸಂಖ್ಯೆ. ಪಿಡಿಎಫ್ ಮೊದಲು ಮಾಡಿ ಅಕ್ಕನಿಗೂ ಅವರ ಪರಿಚಯದ ಹೊಲಿಗೆಯವರಿಗೂ ಕೊಡುತ್ತೇನೆ. ಅವರು ತಿದ್ದಿದ ಮೇಲೆ ಪೇಪರ್‌ಬ್ಯಾಕ್ ಯೋಚಿಸುತ್ತೇನೆ. ಪುಟ ಎಷ್ಟಿರಲಿ?

ಅಚ್ಚುಮೊಳೆ
ಕಾಗದ ಸಾಧಾರಣ ಪುಸ್ತಕದ ಕಾಗದವೇ, ಪಿನ್ನಿಗೆ ಹೇಳಿ ಮಾಡಿಸಿದ್ದಲ್ಲ. ಅಂಟಿಸುವ ಚೌಕ ಎಂದು ಬರೆದುಬಿಡಿ. ಪುಟ ಎಷ್ಟೆಂದರೆ, 60 ಪುಟಕ್ಕೂ 108ಕ್ಕೂ ಮುದ್ರಣದ ಖರ್ಚು ಒಂದೇ, ಆದ್ದರಿಂದ 108 ಕೊಡಿ. 79ಕ್ಕಿಂತ ಹೆಚ್ಚು ಪುಟವಿದ್ದರೆ ಮಾತ್ರ ಬೆನ್ನಿನ ಮೇಲೆ ಹೆಸರು ಹಾಕಲು ಬಿಡುತ್ತಾರೆ, ಅದೂ ಸಿಗುತ್ತದೆ. ಒಳ ಅಂಚು ಕನಿಷ್ಠ 0.375 ಅಂಗುಲ ಎಂಬುದು ನಿಯಮ. ಬರೆಯುವ ಪುಸ್ತಕಕ್ಕೆ ಅದು ಸಾಲದು, ಮುಕ್ಕಾಲು ಅಂಗುಲ ಬಿಡಿ. ಮುಖಪುಟದ ಚಿತ್ರ ಅಂಚಿನವರೆಗೆ ಹೋಗುವುದಾದರೆ ಸುತ್ತ 0.125 ಅಂಗುಲ ಹೆಚ್ಚುವರಿ.

ಕರಡುಕಣ್ಣು
ಬೆನ್ನಿನ ಅಗಲ ಕಾಗದದ ಮೇಲೆ ಬದಲಾಗುತ್ತದೆ. ಬಿಳಿ ಕಾಗದಕ್ಕೆ ಪುಟಕ್ಕೆ 0.002252 ಅಂಗುಲ, ಕೆನೆಬಣ್ಣದ್ದಕ್ಕೆ 0.0025. ಮಧ್ಯದಲ್ಲಿ ಕಾಗದ ಬದಲಿಸಿದರೆ ಮುಖಪುಟದ ಪಿಡಿಎಫ್ ಮತ್ತೆ ಮಾಡಬೇಕು.

ಹೆಣಿಗೆಕಡ್ಡಿ
ಅಳತೆಗಳನ್ನು ಎಡಪುಟದಲ್ಲಿ, ಚಿತ್ರ ಮತ್ತು ಬಟ್ಟೆಯ ಚೌಕವನ್ನು ಬಲಪುಟದಲ್ಲಿ ಇಡಿ. ಅಂಟಿಸಿದ ಚೂರಿನ ಉಬ್ಬಿನ ಮೇಲೆ ಯಾರೂ ಬರೆಯಬೇಕಾಗುವುದಿಲ್ಲ.

ಮರಕುಟಿಗ
ಪಿಡಿಎಫ್ ಆದಾಗ ನನಗೂ ಕಳುಹಿಸಿ. ಹೊಲಿಗೆಯ ಪರಿಚಯ ನನಗೂ ಇದೆ, ತಪ್ಪು ಹುಡುಕಿ ಕೊಡುತ್ತೇನೆ.